ಗ್ರಾಮಪಂಚಾಯತ್ ಹೋಗಿ ನಗರ ಪಂಚಾಯತ್ ಬರೋವಾಗ: ಪುಣೆ ಸುತ್ತಮುತ್ತ ಇರೋ ನಮ್ಮ ಮಂದಿಗೆ ಒಂದು ಸಮಗ್ರ ಮಾರ್ಗದರ್ಶಿ

ಹಡಪಸರ್ ದಾಟಿ ಸೋಲಾಪುರ ರೋಡಿನಾಗ, ಇಲ್ಲಾ ಚಾಕಣ್ ಕಡೆ, ಇಲ್ಲಾ ನಗರ್ ರೋಡಿನ ಆಚೆ ಒಂದು ಫ್ಲಾಟೋ ಅರ್ಧ ಗುಂಟೆ ಜಾಗಾನೋ ತಗೊಂಡು ಕುಂತಿರೋ ಕಲಬುರಗಿ, ಬೀದರ್, ವಿಜಯಪುರದ ಮಂದಿ ಭಾಳ ಅದಾರ. ನಾನೂ ಅದರಾಗ ಒಬ್ಬ. ಎರಡು ಮಂದಿ ಕನ್ನಡದವರು ಕೂಡಿದ್ರ ಸಾಕು, ಮಳಿ-ಬೆಳಿ ಸುದ್ದಿ ಮುಗಿದ ಮ್ಯಾಲ ಬರೋ ಮಾತು ಒಂದೇ, "ನಮ್ಮ ಊರು ನಗರ ಪಂಚಾಯತ್ ಆಗ್ತದಂತ, ಖರೇನಾ? ಆದ್ರ ಘರಪಟ್ಟಿ, ಅಂದ್ರ ಮನಿ ತೆರಿಗಿ, ಎಷ್ಟು ಏರ್ತದ?" ಇದಕ್ಕ ಪೂರ್ತಿ ಉತ್ತರ ಯಾರೂ ಕೊಡಂಗಿಲ್ಲ, ಊರಿನ ಲೀಡರ್‌ಗಳು ಹೇಳೋದು ಅವರಿಗೆ ಬೇಕಾದಷ್ಟೇ. ಹಂಗಾಗಿ ನಾನು ಎರಡು ವರ್ಷ ಕಚೇರಿ ಕಚೇರಿ ತಿರುಗಿ ತಿಳ್ಕೊಂಡಿದ್ದನ್ನ ಒಂದು ಕಡೆ ಬರ್ದು ಇಡ್ಲಿಕತ್ತೀನಿ. ಉದ್ದ ಆಗ್ತದ, ಚಹಾ ಇಟ್ಕೊಂಡು ಕುಂದರ್ರಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಎಲ್ಲರೂ ಚುನಾವಣೆಗೆ ಕಾಯ್ತಾರ, ಆದ್ರ ಸಾಮಾನ್ಯ ಮನುಷ್ಯಾನ ಕೈಯಾಗ ಏನರ ಇರೋದು ಚುನಾವಣೆಕ್ಕಿಂತ ಮೊದಲು ಬರೋ ಎರಡು ಹೊತ್ತಿನಾಗ. ಒಂದು, ಹರಕತಿ (ತಕರಾರು ಅರ್ಜಿ) ಹಾಕೋ 30 ದಿನ. ಎರಡು, ಗ್ರಾಮಪಂಚಾಯತ್ ದಪ್ತರ (ದಾಖಲೆ ಪುಸ್ತಕಗಳು) ಹೊಸಾ ಕಚೇರಿಗೆ ಹೋಗೋ ಕೆಲವು ತಿಂಗಳು. ಇವೆರಡು ಕೈ ತಪ್ಪಿದ್ರ ಆಮ್ಯಾಲ ಐದು ವರ್ಷ ಬರೇ ಅರ್ಜಿ ಬರಿಯೋದೇ ಕೆಲಸ.

ಮೊದಲು ಹೆಸರಿನ ಗೊಂದಲ

ನಮ್ಮ ಕಡೆ ನಗರಪಾಲಿಕೆ ಅಂದ್ರ ದೊಡ್ಡದು, ಮಹಾನಗರಪಾಲಿಕೆ. ಇಲ್ಲಿ ಮರಾಠಿಯೊಳಗ ನಗರಪಾಲಿಕಾ ಅಂದ್ರ ಸಣ್ಣ ಊರಿಂದು, ಅದೇ ನಗರ ಪರಿಷದ್, ನಮ್ಮ ಪುರಸಭೆ ಇದ್ದಂಗ. ನಮ್ಮ ಪಟ್ಟಣ ಪಂಚಾಯಿತಿಗೆ ಇಲ್ಲಿ ನಗರ ಪಂಚಾಯತ್ ಅಂತಾರ. ನಮ್ಮ ಸೊಸೈಟಿಯ ಒಬ್ಬರು ಕಾಕಾ ಆರು ತಿಂಗಳು "ನಗರಪಾಲಿಕಾ ಆಗ್ಲಿಕತ್ತದ, ಫ್ಲಾಟಿನ ರೇಟ್ ಡಬಲ್ ಆಗ್ತದ" ಅಂತ ಕುಣಿದಾಡಿದ್ರು, ಅವರ ತಲ್ಯಾಗ ಇದ್ದದ್ದು ಪುಣೆ ಮಹಾನಗರಪಾಲಿಕಾ. ಎರಡೂ ಬೇರೆ, ಕಾಯ್ದೆನೇ ಬೇರೆ.

ಪುಣೆ ಜಿಲ್ಲಾದಾಗ ಇನ್ನೊಂದು ತರಹದ್ದೂ ಅದ. ಪುಣೆ, ಖಡಕಿ, ದೇಹೂ ರೋಡ್ ಕಂಟೋನ್ಮೆಂಟ್‌ಗಳು ಕೇಂದ್ರದ 2006ರ ಕಂಟೋನ್ಮೆಂಟ್ ಕಾಯ್ದೆ ಕೆಳಗ ನಡೀತಾವ. ಅಲ್ಲಿ ಮನಿ ಇದ್ದವರಿಗೆ ಈ ಲೇಖನ ಉಪಯೋಗಕ್ಕ ಬರಂಗಿಲ್ಲ.

ಅಧಿಕಾರ ಎಲ್ಲಿಂದ ಬರ್ತದ

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರಾಗ 243ಕ್ಯೂ ಅನ್ನೋ ಕಲಂ ಮೂರು ಮೆಟ್ಟಿಲು ಹೇಳ್ತದ: ಹಳ್ಳಿಯಿಂದ ಪಟ್ಟಣ ಆಗ್ಲಿಕತ್ತಿರೋ ಊರಿಗೆ ನಗರ ಪಂಚಾಯತ್, ಸಣ್ಣ ಪಟ್ಟಣಕ್ಕ ನಗರ ಪರಿಷದ್, ದೊಡ್ಡದಕ್ಕ ಮಹಾನಗರಪಾಲಿಕಾ. ಯಾವ ಊರು ಯಾವ ಮೆಟ್ಟಿಲು ಅನ್ನೋದನ್ನ ಜನಸಂಖ್ಯೆ, ದಟ್ಟಣೆ, ಊರಿನ ವರಮಾನ, ಒಕ್ಕಲುತನ ಬಿಟ್ಟು ಬೇರೆ ಕೆಲಸ ಮಾಡೋರು ಎಷ್ಟು, ಆರ್ಥಿಕ ಮಹತ್ವ ಎಷ್ಟು, ಇವನ್ನೆಲ್ಲ ನೋಡಿ ರಾಜ್ಯಪಾಲರ ಹೆಸರಿನಾಗ ರಾಜ್ಯ ಸರಕಾರ ಠರಾಯಿಸ್ತದ.

12ನೇ ಅನುಸೂಚಿಯೊಳಗ 18 ವಿಷಯ ಅವ, ನೀರು, ರಸ್ತಾ, ಕಸ, ಬೀದಿ ದೀಪ, ಬೆಂಕಿ ಆರಿಸೋದು, ಸ್ಮಶಾನ, ಕಟ್ಟಡ ನಿಯಂತ್ರಣ ಹಿಂಗ. ಇಲ್ಲೇ ಭಾಳ ಮಂದಿ ಎಡವ್ತಾರ ನೋಡ್ರಿ. ಈ 18 ಅಧಿಕಾರ ಸಂವಿಧಾನದಿಂದ ಸೀದಾ ನಮ್ಮ ಊರಿಗೆ ಇಳಿದು ಬರಂಗಿಲ್ಲ. ರಾಜ್ಯದ ಶಾಸನಸಭೆ ಕಾಯ್ದೆ ಮಾಡಿ ಕೊಡಬಹುದು ಅಂತ ಅಷ್ಟೇ ಸಂವಿಧಾನ ಹೇಳೋದು. ಮಹಾರಾಷ್ಟ್ರದಾಗ ಆ ಕಾಯ್ದೆ ಅಂದ್ರ 1965ರ ನಗರ ಪರಿಷದ್, ನಗರ ಪಂಚಾಯತ್ ಮತ್ತ ಔದ್ಯೋಗಿಕ ನಗರಿ ಕಾಯ್ದೆ. ನಮ್ಮ ಊರಿನ ಕಚೇರಿಗೆ ಏನು ಮಾಡ್ಲಿಕ್ಕೆ ಬರ್ತದ, ಏನು ಬರಂಗಿಲ್ಲ ಅನ್ನೋದು ಈ ಪುಸ್ತಕದಾಗ ಅದ, ಸ್ಟೇಜ್ ಮ್ಯಾಲಿನ ಭಾಷಣದಾಗ ಅಲ್ಲ. ಮರಾಠಿ ಪ್ರತಿ ಅಪ್ಪಾ ಬಳವಂತ ಚೌಕದ ಅಂಗಡಿಗಳ ಕಡೆ ಕೇಳಿ ನೋಡ್ರಿ, ಒಂದು ಸಲ ತಗೊಂಡ್ರ ಸೊಸೈಟಿಗೆಲ್ಲ ಸಾಕು.

ನಮ್ಮ ಊರು ಲೆಕ್ಕದಾಗ ಕುಂದರ್ತದೋ ಇಲ್ಲೋ

ಮಹಾರಾಷ್ಟ್ರದಾಗ ನಗರ ಪಂಚಾಯತ್ ಆಗ್ಬೇಕಂದ್ರ ಜನಸಂಖ್ಯೆ 10,000ದಿಂದ 25,000 ಇರ್ಬೇಕು. ನಗರ ಪರಿಷದ್‌ಗೆ 25,000ಕ್ಕಿಂತ ಕಮ್ಮಿ ಇರಬಾರದು, ಜೊತಿಗೆ ನೂರಕ್ಕ 35 ಮಂದಿಯರ ಒಕ್ಕಲುತನ ಬಿಟ್ಟು ಬೇರೆ ಕೆಲಸದಾಗ ಇರ್ಬೇಕು. ನಗರ ಪರಿಷದ್ ಒಳಗೂ ದರ್ಜೆ ಅವ: 40,000ದ ತನಕ ಕ ವರ್ಗ, ಅದರ ಮ್ಯಾಲ 1 ಲಕ್ಷದ ತನಕ ಬ ವರ್ಗ, 1 ಲಕ್ಷ ದಾಟಿದ್ರ ಅ ವರ್ಗ. ಕರ್ನಾಟಕದ ಲೆಕ್ಕ ಬೇರೆ, ಅಲ್ಲಿ 1964ರ ಪುರಸಭೆಗಳ ಕಾಯ್ದೆ ಪ್ರಕಾರ ಪಟ್ಟಣ ಪಂಚಾಯಿತಿಗೆ 10,000ದಿಂದ 20,000. ಊರ ಕಡೆ ಬೀಗರು ಫೋನ್ ಮಾಡಿ "ನಮ್ಮಲ್ಲಿ ಹಿಂಗ ಅದ" ಅಂತ ಹೇಳಿದ್ದನ್ನ ಇಲ್ಲಿ ತಂದು ವಾದ ಮಾಡಬ್ಯಾಡ್ರಿ.

ತಾಲೂಕಾ ಠಾಣೆ ಆಗಿರೋ ಊರುಗಳಿಗೆ ಬೇರೆ ದಾರಿ ಅದ. 2014ರಾಗ ರಾಜ್ಯ ಸರಕಾರ ತಾಲೂಕಾ ಮುಖ್ಯ ಊರಿನ ಗ್ರಾಮಪಂಚಾಯತ್‌ಗಳನ್ನ ನಗರ ಪಂಚಾಯತ್ ಮಾಡೋ ನಿರ್ಧಾರ ತಗೊಂತು, ಆಮ್ಯಾಲ ಜನಸಂಖ್ಯೆ ಸಣ್ಣದಿದ್ರೂ ಭಾಳ ಊರು ಬದಲಾದ್ವು.

ಈಗ ಎಲ್ಲಕ್ಕಿಂತ ಮಜಾ ಮಾತು. ಈ ಜನಸಂಖ್ಯೆ ಯಾವುದು? ಇವತ್ತು ಊರಾಗ ಇರೋದಲ್ಲ, ಕೊನೀ ಜನಗಣತಿಯೊಳಗ ಪ್ರಕಟ ಆಗಿದ್ದು, ಅಂದ್ರ 2011ರದ್ದು. ಆಗ ನಮ್ಮ ಟವರ್ ನಿಂತ ಜಾಗದಾಗ ಉಳ್ಳಾಗಡ್ಡಿ ಇತ್ತು! ಸೊಸೈಟಿ ಮ್ಯಾಲ ಸೊಸೈಟಿ ಎದ್ದು ಊರು ನಾಲ್ಕು ಪಟ್ಟು ಬೆಳೆದಿದ್ರೂ ಕಾಗದದಾಗ ಅದು ಏಳೆಂಟು ಸಾವಿರದ ಹಳ್ಳಿ. ನೀರಿನ ಟ್ಯಾಂಕರ್‌ಗೆ ತಿಂಗಳಾ ರೊಕ್ಕ ಕೊಡೋರ ಎಣಿಕೆ ಯಾವ ಫೈಲಿನಾಗೂ ಇಲ್ಲ. ಹೊಸಾ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ಗಣತಿ ನಡೆಯೋವಾಗ ಊರಿನ ಗಡಿಗಳನ್ನ ಅಲ್ಲಾಡಿಸಂಗಿಲ್ಲ, 2025ರ ಡಿಸೆಂಬರ್ 31ಕ್ಕ ಇದ್ದಂಗ ಫ್ರೀಜ್ ಮಾಡಿದ್ರು. ಹಂಗಾಗಿ ಯಾರರ ಬಂದು "ಮುಂದಿನ ತಿಂಗಳು ಆಗೇ ಬಿಡ್ತದ" ಅಂದ್ರ ಮೊದಲು ಈ ತಾರೀಕು ನೆನಪು ಮಾಡ್ಕೋರಿ. ಮತ್ತ ಎಣಿಸ್ಲಿಕ್ಕೆ ಬಂದವರಿಗೆ ಬಾಗಿಲು ತೆರೀರಿ, ಬಾಡಿಗಿ ಇದ್ದವರು "ನಾವು ಇಲ್ಲಿಯವರಲ್ಲ" ಅಂತ ಕಳಿಸಿಬಿಡ್ತಾರ, ತಪ್ಪು ಅದು. ಎಲ್ಲಿ ಇರ್ತೀರೋ ಅಲ್ಲೇ ಎಣಿಕೆ.

ಜನಗಣತಿಯವರು "ಸೆನ್ಸಸ್ ಟೌನ್" ಅಂತ ಒಂದು ಶಬ್ದ ಇಟ್ಟಾರ, ಅದಕ್ಕೂ ಮೋಸ ಹೋಗಬ್ಯಾಡ್ರಿ. 5,000 ಜನ, ಚದರ ಕಿಲೋಮೀಟರ್‌ಗೆ 400 ದಟ್ಟಣೆ, ದುಡಿಯೋ ಗಂಡಸರೊಳಗ ನೂರಕ್ಕ 75 ಮಂದಿ ಒಕ್ಕಲುತನದ ಹೊರಗ, ಇಷ್ಟಿದ್ರ ಅವರ ಪುಸ್ತಕದಾಗ ಅದು ಪಟ್ಟಣ. ಅಲ್ಲಿ ಪಟ್ಟಣ, ಸರಕಾರದ ಲೆಕ್ಕಕ್ಕ ಇನ್ನೂ ಗ್ರಾಮಪಂಚಾಯತ್. ಒಂದು ಪೈಸಾ ಅಧಿಕಾರ ಬರಂಗಿಲ್ಲ ಅದರಿಂದ.

ಆಗೋದು ಬೇಕೋ ಬ್ಯಾಡೋ, ಇದನ್ನೂ ಕೇಳ್ಕೋರಿ

ಮೂರು ದಾರಿ ಅವ. ಗ್ರಾಮಪಂಚಾಯತ್ ಆಗೇ ಇರೋದು, ನಮ್ಮದೇ ನಗರ ಪಂಚಾಯತ್ ಇಲ್ಲಾ ಪರಿಷದ್ ಮಾಡ್ಕೊಳ್ಳೋದು, ದೊಡ್ಡ ಮಹಾನಗರಪಾಲಿಕಾದಾಗ ಸೇರೋದು. ಪುಣೆ ಮಹಾನಗರಪಾಲಿಕಾ 2017ರಾಗ 11 ಊರು ನುಂಗ್ತು, 2021ರ ಜೂನ್ 30ಕ್ಕ ಇನ್ನೂ 23. ವಾಘೋಲಿ ಆ 23ರಾಗ ಹೋತು. ಇದಕ್ಕ ಇಲ್ಲಿ ಹದ್ದವಾಢ ಅಂತಾರ.

2017ರಾಗ ಸೇರಿದ ಫುರಸುಂಗಿ ಮತ್ತ ಉರುಳಿ ದೇವಾಚಿ ಊರಿನ ಕಥಿ ಎಲ್ಲರೂ ತಿಳ್ಕೋಬೇಕು. ಪುಣೆಯ ಕಸದ ಡಿಪೋ ಹೊತ್ಕೊಂಡು ಕುಂತಿದ್ದ ಊರು ಅವು. ಪಾಲಿಕಾದಾಗ ಸೇರಿದ ಮ್ಯಾಲ ತೆರಿಗಿ ಏರ್ತು, ಸೌಲಭ್ಯ ಬರ್ಲಿಲ್ಲ ಅಂತ ಜನ ಎದ್ದು ನಿಂತ್ರು, ಗೋಡೌನ್ ಇದ್ದವರು ಭಾಳ ಸಿಟ್ಟಾದ್ರು. 2022ರಾಗ ಸರಕಾರ ಎರಡೂ ಊರನ್ನ ಹೊರಗ ತಗಿಯೋ ನಿರ್ಧಾರ ಮಾಡಿ ಆಮ್ಯಾಲ ಅವಕ್ಕ ಬೇರೇನೇ ನಗರ ಪರಿಷದ್ ಮಾಡ್ತು. ಅಂದ್ರ ಒಳಗ ಹೋದ ಊರು ಹೊರಗ ಬರಬಹುದು, ಆದ್ರ ಎಷ್ಟು ವರ್ಷ ಹೋತು ಲೆಕ್ಕ ಹಾಕ್ರಿ. ಮೊದಲೇ ವಿಚಾರ ಮಾಡೋದು ಅಗ್ಗ ಬೀಳ್ತದ.

ಹಳ್ಳಿ ಅನ್ನೋ ಹೆಸರು ಹೋದ್ರ ಕಳ್ಕೊಳ್ಳೋದು ಏನು? ಹಳ್ಳಿಗಳಿಗೆ ಅಂತ ಇರೋ ಕೂಲಿ ಕೆಲಸದ ಯೋಜನಾ, ಗ್ರಾಮೀಣ ಆವಾಸ್ ಮನಿ, ಜಿಲ್ಲಾ ಪರಿಷದ್ ಮತ್ತ ಪಂಚಾಯತ್ ಸಮಿತಿಯ ವೋಟು, ಇವೆಲ್ಲ ಹೋಗ್ತಾವ. ನವೋದಯ ಶಾಲೆಯೊಳಗ ನೂರಕ್ಕ 75 ಸೀಟು ಗ್ರಾಮೀಣ ಮಕ್ಕಳಿಗೆ ಇರ್ತಾವ, ಅದರ ಲೆಕ್ಕಾನೂ ಬದಲಾಗ್ತದ. ನಮ್ಮ ಫ್ಲಾಟಿನವರಿಗೆ ಇದು ಗೊತ್ತೇ ಇರಂಗಿಲ್ಲ, ಆದ್ರ ಅದೇ ಊರಿನ ವಸ್ತಿಯೊಳಗ ಗೌಂಡಿ ಕೆಲಸ ಮಾಡ್ಕೊಂಡು ಇರೋ ನಮ್ಮ ಯಾದಗಿರಿ ಮಂದಿಗೆ ಇದೇ ದೊಡ್ಡದು. ಸಭೆಯೊಳಗ ಅವರನ್ನೂ ಕರೀರಿ. ಬರೇ ಚರಂಡಿ ಮತ್ತ ರೇಟು ಅಂತ ಮಾತಾಡಿದ್ರ ಅರ್ಧ ಊರು ಬಿಟ್ಟು ಮಾತಾಡಿದಂಗ.

ನನ್ನ ಅಭಿಪ್ರಾಯ ಕೇಳಿದ್ರ, 20,000 ದಾಟಿ ಬಹುಮಹಡಿ ಕಟ್ಟಡ ತುಂಬಿರೋ ಊರಿಗೆ ಗ್ರಾಮಪಂಚಾಯತ್ ಸಾಲಂಗಿಲ್ಲ. 7ರಿಂದ 17 ಸದಸ್ಯರು, ಒಬ್ಬ ಗ್ರಾಮಸೇವಕ, ಅವನ ಕಡೆ ಮತ್ತೊಂದು ಊರಿನ ಚಾರ್ಜ್. ಲಿಫ್ಟ್ ಇರೋ ಕಟ್ಟಡಕ್ಕ ಬೆಂಕಿ ಬಿದ್ರ ಯಾರನ್ನ ಕರೀತೀರಿ?

ಠರಾವು ಮತ್ತ ಫೈಲು

ಇನ್ನ ಕೆಲಸಕ್ಕ ಬರೋಣ. ಗ್ರಾಮಸಭೆಯೊಳಗ ಠರಾವು ಮಾಡಿಸೋದು ಮೊದಲ ಹೆಜ್ಜೆ. ಕಾಯ್ದೆ ಪ್ರಕಾರ ನಿರ್ಧಾರ ಸರಕಾರದ್ದು, ಗ್ರಾಮಸಭೆ ಹೂಂ ಅಂದ್ರೂ ಉಹೂಂ ಅಂದ್ರೂ ಅವರು ಕಟ್ಟುಬಿದ್ದಿಲ್ಲ, ಆದ್ರ ಫೈಲಿನಾಗ ಠರಾವು ಇಲ್ಲಂದ್ರ ಅದು ಮುಂದಕ್ಕ ಹೋಗೋದು ಕಷ್ಟ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ದಿನಗಳ ಗ್ರಾಮಸಭೆ ರೂಢಿಯೊಳಗ ಅದಾವ. ಮೇ 1 ನಮ್ಮವರಿಗೆ ಬರೇ ಸೂಟಿ, ಅರ್ಧ ಮಂದಿ ಉದ್ಯಾನ್ ಎಕ್ಸ್‌ಪ್ರೆಸ್ ಹಿಡ್ದು ಊರಿಗೆ ಹೋಗಿರ್ತಾರ. ಆ ದಿನಾನೇ ಠರಾವು ಪಾಸಾಗ್ತದ. ನಮ್ಮ ಊರಾಗ ಹಂಗೇ ಆತು, ಅಲ್ಲಿ ಕುಂತವರು ಅರವತ್ತು ಎಪ್ಪತ್ತು ಮಂದಿ, ಅದರಾಗ ಸೊಸೈಟಿಯವರು ನಾಲ್ಕು.

ಠರಾವಿನಾಗ ಬರೇ "ನಗರ ಪಂಚಾಯತ್ ಆಗ್ಬೇಕು" ಅಂತ ಒಂದು ಸಾಲು ಬರೆದ್ರ ಏನೂ ಉಪಯೋಗಿಲ್ಲ. ಯಾವ ಯಾವ ಮಹಸೂಲಿ ಗಾಂವ್ (ಕಂದಾಯ ಗ್ರಾಮ), ಯಾವ ವಾಡಿ-ವಸ್ತಿ ಸೇರ್ಬೇಕು, ಗ್ರಾಮಪಂಚಾಯತ್‌ನ ಕೊನೀ ಮೂರು ವರ್ಷದ ವಸೂಲಿ ಎಷ್ಟು, ನೀರಿನ ಮೂಲ ಯಾವುದು, ಇದೆಲ್ಲ ಸೇರಿಸ್ರಿ. ಅಲ್ಲಿಂದ ಫೈಲು ಪಂಚಾಯತ್ ಸಮಿತಿ, ಜಿಲ್ಲಾ ಪರಿಷದ್ ಅಭಿಪ್ರಾಯ ತಗೊಂಡು ಜಿಲ್ಲಾಧಿಕಾರಿ ಕಚೇರಿಯ ನಗರಪಾಲಿಕಾ ಶಾಖೆಗೆ ಬರ್ತದ, ಅಲ್ಲಿಂದ ವರದಿ ಜೊತಿ ಮಂತ್ರಾಲಯದ ನಗರವಿಕಾಸ ವಿಭಾಗಕ್ಕ ಹೋಗ್ತದ. ಎಲ್ಲಿ ಕುಂತದ ಅಂತ ತಿಳೀಲಿಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕ್ರಿ, 10 ರೂಪಾಯಿ ಕೋರ್ಟ್ ಫೀ ಸ್ಟಾಂಪ್, 30 ದಿನದಾಗ ಉತ್ತರ ಕೊಡ್ಬೇಕು. ಅರ್ಜಿ ಮರಾಠಿಯೊಳಗ ಬರೀರಿ. ನಮ್ಮ ಮಕ್ಕಳು ಶಾಲೆಯೊಳಗ ಮರಾಠಿ ಕಲೀತಾರಲ್ಲ, ಅವರ ಕೈಲೇ ತಿದ್ದಿಸ್ರಿ, ನನ್ನ ಮಗಳು ನನ್ನ ಮೊದಲ ಅರ್ಜಿಯೊಳಗ ಹನ್ನೊಂದು ತಪ್ಪು ಹಿಡಿದ್ಲು.

30 ದಿನ: ಇಲ್ಲಿ ನಿದ್ದಿ ಮಾಡಬ್ಯಾಡ್ರಿ

ಸರಕಾರ ಒಪ್ಪಿದ್ರ ಮೊದಲು ಉದ್ಘೋಷಣಾ ಬರ್ತದ, ಅಂದ್ರ "ಹಿಂಗ ಮಾಡೋ ವಿಚಾರ ಅದ" ಅಂತ ರಾಜಪತ್ರದಾಗ ಪ್ರಕಟಣೆ. ಆ ಭಾಗದಾಗ ಓಡಾಡೋ ಒಂದು ಪೇಪರಿನಾಗೂ ಹಾಕ್ಬೇಕು, ಮರಾಠಿ ಪ್ರತಿ ಊರಾಗ ಎದ್ದು ಕಾಣೋ ಜಾಗದಾಗ ಅಂಟಿಸ್ಬೇಕು. ರಾಜಪತ್ರದಾಗ ಬಂದ ದಿನದಿಂದ ಕಮ್ಮಿ ಅಂದ್ರ 30 ದಿನ ಹರಕತಿ ಹಾಕ್ಲಿಕ್ಕೆ ಟೈಮ್. ಹರಕತಿ ಅಂದ್ರ ನಮ್ಮ ತಕರಾರು ಅರ್ಜಿ. ಅದನ್ನ ಬರವಣಿಗೆಯೊಳಗ, ಕಾರಣ ಸಮೇತ, ಜಿಲ್ಲಾಧಿಕಾರಿಗೆ ಕೊಡ್ಬೇಕು, ಅವರು ಅದನ್ನ ಸರಕಾರಕ್ಕ ಕಳಿಸ್ಬೇಕು.

ನಮ್ಮ ಕಡೆ ಏನಾತು ಅಂದ್ರ, ಕಾಗದ ಅಂಟಿಸಿದ್ದು ಹಳೇ ಊರಿನ ಚಾವಡಿ ಗೋಡೆ ಮ್ಯಾಲ. ನಾವು ಹೈವೇ ಆಚೆ ಇರೋರು ಆ ಕಡೆ ಹೋಗೋದು ಜಾತ್ರಿಗೆ ಮಾತ್ರ. 22ನೇ ದಿನಕ್ಕ ಹಾಲಿನವ ಹೇಳಿದ ಮ್ಯಾಲ ಹೋಗಿ ನೋಡಿದ್ವಿ, ನಕಾಶೆಯೊಳಗ ನಮ್ಮ ಸೊಸೈಟಿಯ ಗಟ್ ನಂಬರೇ (ನಮ್ಮ ಕಡೆ ಸರ್ವೆ ನಂಬರ್ ಇದ್ದಂಗ) ಇಲ್ಲ! ರಸ್ತಾದ ಈ ಕಡೆ ಎಲ್ಲಾ ಗಟ್ ಅದಾವ, ಆ ಕಡೆ ಎಲ್ಲಾ ಅದಾವ, ನಡುವ ನಮ್ಮ ಎರಡು ಗಟ್ ಬಿಟ್ಟುಹೋಗ್ಯಾವ. ಯಾರೋ ಬೇಕಂತ ಮಾಡಿದ್ದಲ್ಲ, ಟೈಪ್ ಮಾಡೋವಾಗ ಒಂದು ಸಾಲು ಜಿಗಿದಿದ್ದು. ಎಂಟು ದಿನದಾಗ 140 ಮನಿಯ ಸಹಿ, 7/12 ಉತಾರೆ (ನಮ್ಮ ಪಹಣಿ ಇದ್ದಂಗ), ಹಳೇ ಘರಪಟ್ಟಿ ರಶೀದಿ ಎಲ್ಲಾ ಕೂಡಿಸಿ ಕೊಟ್ಟು ಬಂದ್ವಿ. ಕೊನೀ ಅಧಿಸೂಚನೆಯೊಳಗ ಎರಡೂ ಗಟ್ ಬಂದ್ವು. ಬರ್ದೇ ಇದ್ದಿದ್ರ ಸುತ್ತ ನಗರ ಪಂಚಾಯತ್, ನಡುವ ನಾವು ಎಲ್ಲೂ ಇಲ್ಲದ ದ್ವೀಪ.

ಹರಕತಿ ಬರೆಯೋವಾಗ ಮೂರು ಪಾನು ಭಾಷಣ ಬ್ಯಾಡ. ನಿಮ್ಮ ಹೆಸರು, ವಿಳಾಸ, ಗಟ್ ನಂಬರು, ಉದ್ಘೋಷಣೆಯ ತಾರೀಕು, ಒಂದೇ ಬೇಡಿಕೆ, ಅದಕ್ಕ ಎರಡು ಕಾರಣ, ಕಾಗದದ ನಕಲು. ಎರಡು ಪ್ರತಿ ಒಯ್ದು ಒಂದರ ಮ್ಯಾಲ ಆವಕ್ ಶಿಕ್ಕಾ (ಅರ್ಜಿ ಮುಟ್ಟಿತು ಅನ್ನೋ ಮುದ್ರೆ) ಹೊಡಿಸ್ಕೊಂಡೇ ಬರ್ರಿ. ಶಿಕ್ಕಾ ಇಲ್ಲದ ಅರ್ಜಿ ಕೊಟ್ಟೇ ಇಲ್ಲ ಅಂತ ತಿಳ್ಕೋರಿ. ನೂರು ಮಂದಿ ಒಂದೇ ಕಾಗದಕ್ಕ ಸಹಿ ಹಾಕೋದಕ್ಕಿಂತ ಮನಿಮನಿಯಿಂದ ಬೇರೆ ಬೇರೆ ಅರ್ಜಿ ಹೋದ್ರ ಫೈಲು ದಪ್ಪ ಆಗ್ತದ, ದಪ್ಪ ಫೈಲಿಗೆ ಬೆಲಿ ಜಾಸ್ತಿ, ಇದು ಯಾವ ಕಾಯ್ದೆಯೊಳಗೂ ಬರ್ದಿಲ್ಲ ಆದ್ರ ಖರೆ.

ಅಧಿಸೂಚನೆ ಬಂತು, ಈಗ ದಪ್ತರ

ಕೊನೀ ಅಧಿಸೂಚನೆ ಬಂದು ಅದರ ಪ್ರಕಾರ ಹೊಸಾ ಸಂಸ್ಥೆ ಶುರುವಾದ್ರ ಸರಪಂಚ, ಸದಸ್ಯರು ಮನಿಗೆ. ಗ್ರಾಮಪಂಚಾಯತ್‌ನ ಆಸ್ತಿ, ಸಾಲ, ನೌಕರರು, ಕೋರ್ಟ್ ಕೇಸ್ ಎಲ್ಲಾ ಹೊಸಾದಕ್ಕ ಹೋಗ್ತಾವ. ನಗರ ಪಂಚಾಯತ್ ಕಾನೂನಿನ ಲೆಕ್ಕಕ್ಕ ಒಂದು ವ್ಯಕ್ತಿ ಇದ್ದಂಗ, ಅದರ ಹೆಸರಿನಾಗ ಆಸ್ತಿ ತಗೋಬಹುದು, ಕೇಸ್ ಹಾಕ್ಬಹುದು, ಅದರ ಮ್ಯಾಲೂ ಕೇಸ್ ಹಾಕ್ಬಹುದು. ಚುನಾವಣೆ ಆಗೋ ತನಕ ಸರಕಾರ ಪ್ರಶಾಸಕರನ್ನ (ಆಡಳಿತಾಧಿಕಾರಿ) ಕೂಡಿಸ್ತದ, ಭಾಳ ಸಲ ತಹಸೀಲ್ದಾರರೇ ಇರ್ತಾರ. ಹಿಂದಾಗಡೆ ಮುಖ್ಯಾಧಿಕಾರಿ ಬರ್ತಾರ, ಇವರು ರಾಜ್ಯ ಸರಕಾರದ ಅಧಿಕಾರಿ, ಊರಿನ ನೌಕರ ಅಲ್ಲ. ಚೆಕ್ಕಿಗೆ ಸಹಿ, ಟೆಂಡರ್, ನೋಟಿಸ್, ದಾಖಲೆ, ಎಲ್ಲಾ ಅವರ ಕೈಯಾಗ.

ಈ ನಡುವಿನ ಹೊತ್ತಿನಾಗ ನಿಮ್ಮ ಕೆಲಸ ಏನು ಅಂದ್ರ ನಿಮ್ಮ ಮನಿ ಹೊಸಾ ಪುಸ್ತಕದಾಗ ಸರಿಯಾಗಿ ಹೋಗ್ಯದೋ ಇಲ್ಲೋ ನೋಡೋದು. ಗ್ರಾಮಪಂಚಾಯತ್‌ನಾಗ ಮನಿಗಳ ಆಕಾರಣಿ (ತೆರಿಗಿ ಲೆಕ್ಕ) ನಮೂನಾ 8 ಅನ್ನೋ ರಜಿಸ್ಟರ್‌ನಾಗ ಇರ್ತದ. ಅದು ಮಾಲಕಿ ಪತ್ರ ಅಲ್ಲ, ಖರೀದಿ ಖತ, ಇಂಡೆಕ್ಸ್ ಟೂ (ಖರೀದಿ ನೋಂದಣಿಯ ಉತಾರೆ), 7/12 ಇವೇ ಬೇರೆ. ಆದ್ರ ಹೊಸಾ ಕಚೇರಿ ತೆರಿಗಿ ಹಾಕೋದು ಇದೇ ರಜಿಸ್ಟರ್ ನೋಡಿ. ನಮ್ಮ ಕಟ್ಟಡದಾಗ ಒಬ್ಬರ ಮನಿ ಇನ್ನೂ ಬಿಲ್ಡರ್ ಹೆಸರಿನಾಗೇ ಇತ್ತು, ಹತ್ತು ವರ್ಷದಿಂದ ಇವರು ರೊಕ್ಕ ಕಟ್ಟಾರ, ರಶೀದಿ ಬಿಲ್ಡರ್‌ಗೆ. ನಂದು ಇನ್ನೂ ಚೆಂದ, ಅಪ್ಪನ ಹೆಸರು ಶಿವಶರಣಪ್ಪ ಹೋಗಿ ಶಿವಚರಣ ಆಗಿತ್ತು, ಮರಾಠಿ ಗುಮಾಸ್ತನಿಗೆ ನಮ್ಮ ಅಪ್ಪ-ಅಣ್ಣ ಕಟ್ಟಿದ ಹೆಸರು ಅಂದ್ರ ಅಷ್ಟಕ್ಕಷ್ಟೇ. ಗ್ರಾಮಪಂಚಾಯತ್ ಇರೋವಾಗಲೇ ನಮೂನಾ 8ರ ಪ್ರತಿ ಶಿಕ್ಕಾ ಹೊಡಿಸಿ ತಗೋರಿ, ಬಾಕಿ ಇಲ್ಲ ಅಂತ ದಾಖಲೆ ತಗೋರಿ, ಜನನ-ಮರಣದ ದಾಖಲೆ ಬೇಕಿದ್ರ ಅದನ್ನೂ ಆಗಲೇ ತಗೋರಿ. ರಜಿಸ್ಟರ್ ಗೋಣಿಚೀಲದಾಗ ಕಟ್ಟಿ ಟೆಂಪೋದಾಗ ಹೋಗಿದ್ದನ್ನ ನಾನೇ ನೋಡೀನಿ, ಮಳಿಗಾಲದಾಗ.

ಎರಡನೇದು ಸಿಬ್ಬಂದಿ. ಹೊಸಾ ಕಚೇರಿಗೆ ಎಷ್ಟು ಹುದ್ದೆ ಅನ್ನೋ ಮಂಜೂರಿಗೆ ಆಕೃತಿಬಂಧ ಅಂತಾರ. ಕಸ ಹೊಡಿಯೋರು, ನೀರು ಬಿಡೋರು ವರ್ಷಾನುಗಟ್ಟಲೆ ದಿನಗೂಲಿ ಮ್ಯಾಲ ಇರ್ತಾರ, ಇವರ ಹೆಸರು ಹಾಜರಿ ಪುಸ್ತಕದಾಗ ಇದ್ರ ಮಾತ್ರ ಒಳಗ ಸೇರ್ಲಿಕ್ಕೆ ದಾರಿ. ಇವರೊಳಗ ನಮ್ಮ ಕಡೆಯವರು ಇದ್ರ ಹಾಜರಿ ಪುಸ್ತಕದ ನಕಲು, ಪಗಾರ ಚೀಟಿ ಕೂಡಿಡ್ಲಿಕ್ಕೆ ಈಗಲೇ ಹೇಳ್ರಿ.

ಪ್ರಭಾಗ, ಮೀಸಲಾತಿ, ವೋಟು

ನಗರ ಪಂಚಾಯತ್‌ನಾಗ 17 ನಗರಸೇವಕರು, 17 ಪ್ರಭಾಗ (ವಾರ್ಡು), ಪ್ರತಿ ಪ್ರಭಾಗಕ್ಕ ಒಬ್ಬರು. ನಗರ ಪರಿಷದ್ ಆದ್ರ ಒಂದು ಪ್ರಭಾಗದಿಂದ ಇಬ್ಬರು ಇರೋ ಪದ್ಧತಿ ಈಗ ಅದ. ಪ್ರಭಾಗ ಕೊಯ್ಯೋದು ಉತ್ತರದಿಂದ ಶುರು ಮಾಡಿ ದಕ್ಷಿಣಕ್ಕ ಮುಗಿಸ್ತಾರ. ಇದರದ್ದೂ ಮೊದಲು ಕರಡು ಬರ್ತದ, ಮತ್ತ ಹರಕತಿ ಟೈಮ್ ಇರ್ತದ. ದೊಡ್ಡ ಸೊಸೈಟಿಯನ್ನ ಗೇಟ್ ನಡುವ ಎರಡು ಪ್ರಭಾಗಕ್ಕ ಸೀಳಿದ್ರಾ ನೋಡ್ಕೋರಿ, ಎರಡೂ ಕಡೆ ನಿಮ್ಮ ವೋಟು ಸಣ್ಣದಾಗಿ ಕೂಡ್ತದ.

ಸೀಟುಗಳೊಳಗ ಅರ್ಧ ಹೆಣ್ಣುಮಕ್ಕಳಿಗೆ. ಒಬಿಸಿ ಮೀಸಲಾತಿ ಕೋರ್ಟಿನಾಗ ಸಿಕ್ಕು ಚುನಾವಣೆಗಳು ವರ್ಷಾನುಗಟ್ಟಲೆ ನಿಂತಿದ್ದು ಎಲ್ಲರಿಗೂ ಗೊತ್ತು, ಸುಪ್ರೀಂ ಕೋರ್ಟ್ 2025ರ ಮೇ 6ಕ್ಕ ನಡೆಸ್ರಿ ಅಂದ ಮ್ಯಾಲ ಆ ವರ್ಷ ಡಿಸೆಂಬರ್‌ನಾಗ ರಾಜ್ಯದ ನಗರ ಪರಿಷದ್, ನಗರ ಪಂಚಾಯತ್‌ಗಳ ವೋಟಿಂಗ್ ಆತು. ಅಷ್ಟು ದಿನ ಭಾಳ ಊರಾಗ ಪ್ರಶಾಸಕರ ರಾಜ್ಯ. ನಗರಾಧ್ಯಕ್ಷರನ್ನ ಜನ ಸೀದಾ ಆರಿಸ್ಬೇಕೋ ನಗರಸೇವಕರು ಆರಿಸ್ಬೇಕೋ ಅನ್ನೋದು ಇಲ್ಲಿ ಸರಕಾರ ಬದಲಾದಂಗ ಬದಲಾಗ್ತದ: 2016ರಾಗ ಸೀದಾ, 2020ರಾಗ ತಗದ್ರು, 2022ರಾಗ ತಿರುಗಿ ಸೀದಾ.

ನಮ್ಮ ಮಂದಿಗೆ ಮುಖ್ಯ ಮಾತು ವೋಟರ್ ಲಿಸ್ಟ್. ಊರ ಚುನಾವಣೆಗೆ ಬೇರೆ ಲಿಸ್ಟ್ ಹೊಸದಾಗಿ ಬರಿಯಂಗಿಲ್ಲ, ವಿಧಾನಸಭೆಯ ಲಿಸ್ಟನ್ನೇ ಪ್ರಭಾಗಕ್ಕ ತಕ್ಕಂಗ ಹಂಚ್ತಾರ. 2025ರ ಚುನಾವಣೆಗೆ ಜುಲೈ 1ರ ಲಿಸ್ಟ್ ಹಿಡಿದ್ರು, ಆಗಸ್ಟ್‌ನಾಗ ಹೆಸರು ಹಾಕ್ದವರು ಹೊರಗ. ಆಳಂದ, ಸಿಂದಗಿಯೊಳಗ ಹೆಸರು ಇಟ್ಕೊಂಡು ಇಲ್ಲಿ ಚರಂಡಿ ಬಗ್ಗೆ ಬೈಕೊಂತ ಕುಂದ್ರೋದರಾಗ ಅರ್ಥ ಇಲ್ಲ. ಫಾರ್ಮ್ 8 ತುಂಬಿ ಹೆಸರು ಇಲ್ಲಿಗೆ ತರ್ರಿ, ಮೊದಲ ಸಲ ಆದ್ರ ಫಾರ್ಮ್ 6. ಎರಡೂ ಕಡೆ ಇಟ್ಕೊಳ್ಳೋದು ಅಪರಾಧ. ಊರಿನ ವೋಟು ಬಿಡ್ಲಿಕ್ಕೆ ಮನಸ್ಸು ಬರಂಗಿಲ್ಲ, ನಂಗೂ ಬರ್ಲಿಲ್ಲ, ಅವ್ವ ಒಂದು ವಾರ ಮಾತು ಬಿಟ್ಟಿದ್ಲು.

ನಿಲ್ಲೋ ವಿಚಾರ ಇದ್ದವರಿಗೆ: 21 ವರ್ಷ ಆಗಿರ್ಬೇಕು, ಹೆಸರು ಇದೇ ಊರಿನ ಲಿಸ್ಟಿನಾಗ ಇರ್ಬೇಕು, ತೆರಿಗಿ ಬಾಕಿ ಇರಬಾರದು, ಎರಡಕ್ಕಿಂತ ಹೆಚ್ಚು ಮಕ್ಕಳ ನಿಯಮ ನೋಡ್ಕೋಬೇಕು. ಮೀಸಲು ಸೀಟಿಗೆ ನಿಲ್ಲೋರು ಕರ್ನಾಟಕದ ಜಾತಿ ಪ್ರಮಾಣಪತ್ರ ತಂದು ಕುಂತ್ರ ನಡಿಯಂಗಿಲ್ಲ. ನಮ್ಮಲ್ಲಿ ಲಂಬಾಣಿ, ಭೋವಿ ಮಂದಿ ಪರಿಶಿಷ್ಟ ಜಾತಿ, ಇಲ್ಲಿ ಬಂಜಾರಾ, ವಡಾರ್ ವಿಮುಕ್ತ ಜಾತಿಯೊಳಗ ಬರ್ತಾರ. ಇಲ್ಲಿಯ ಪ್ರಮಾಣಪತ್ರ, ಅದರ ಮ್ಯಾಲ ಜಾತ್ ಪಡತಾಳಣಿ (ಜಾತಿ ಪರಿಶೀಲನಾ) ಸಮಿತಿಯ ವೈಧತಾ (ಸಿಂಧುತ್ವ) ಪತ್ರ, ಎರಡೂ ಬೇಕು. ಚುನಾವಣೆ ಘೋಷಣೆ ಆದ ಮ್ಯಾಲ ಓಡಾಡಿದ್ರ ಸಿಗಂಗಿಲ್ಲ.

ಆರಿಸಿ ಬಂದವರ ಕೈಯಾಗ ಏನದ

ನೀರು, ದೀಪ, ಕಸ, ಚರಂಡಿ, ಜನನ-ಮರಣ ನೋಂದಣಿ, ಸ್ಮಶಾನ ಇವೆಲ್ಲ ಕಾಯ್ದೆಯ 49ನೇ ಕಲಮಿನ ಪ್ರಕಾರ ಮಾಡ್ಲೇಬೇಕಾದ ಕೆಲಸ, ಗ್ರಂಥಾಲಯ, ಬಾಗ್ ಇಂಥಾವು ಸಾಧ್ಯ ಆದ್ರ. ತಕರಾರು ಬರೆಯೋವಾಗ "ಇದು ನಿಮ್ಮ ಕರ್ತವ್ಯದ ಪಟ್ಟಿಯೊಳಗ ಅದ" ಅಂತ ಕಲಂ ನಂಬರ್ ಹಾಕಿ ಬರೀರಿ, ಉತ್ತರದ ಧಾಟಿನೇ ಬದಲಾಗ್ತದ. ಠರಾವು ಕಾಯ್ದೆಗೆ ವಿರುದ್ಧ ಇದ್ರ ಜಿಲ್ಲಾಧಿಕಾರಿ 308ನೇ ಕಲಮಿನ ಕೆಳಗ ಅದನ್ನ ತಡೀಬಹುದು, ಅದಕ್ಕೂ ಅರ್ಜಿ ಹಾಕೋ ದಾರಿ ಅದ.

ಕಟ್ಟಡ ಪರವಾನಗಿ ಭಾಳ ದೊಡ್ಡ ಬದಲಾವಣೆ. ಹಳ್ಳಿ ಇದ್ದಾಗ ಪರವಾನಗಿ ಕೊಡೋದು 2015ರಾಗ ಆದ ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ), ಆದ್ರ ಊರಾಗ ಅರ್ಧ ಮಂದಿ ಗ್ರಾಮಪಂಚಾಯತ್ ಕಾಗದದ ಮ್ಯಾಲೇ ಕಟ್ಟಿಬಿಟ್ಟಿರ್ತಾರ. ನಗರ ಪಂಚಾಯತ್ ಆದ ಮ್ಯಾಲ 1966ರ ಎಂಆರ್‌ಟಿಪಿ (ಮಹಾರಾಷ್ಟ್ರ ಪ್ರಾದೇಶಿಕ ಮತ್ತ ನಗರ ಯೋಜನಾ) ಕಾಯ್ದೆ ಕೆಳಗ ಅದು ತಾನೇ ಯೋಜನಾ ಪ್ರಾಧಿಕಾರ ಆಗಿ ತನ್ನ ವಿಕಾಸ ಆರಾಖಡಾ (ಅಭಿವೃದ್ಧಿ ಯೋಜನಾ) ಮಾಡ್ಬೇಕು. ಯಾವ ಗಟ್ ಮ್ಯಾಲ ರಸ್ತಾ, ಯಾವುದರ ಮ್ಯಾಲ ಶಾಲೆ, ಬಾಗ್ ಅನ್ನೋ ಆರಕ್ಷಣ ಅದರಾಗ ಬರ್ತದ, ಅದರ ಕರಡಿಗೂ 30 ದಿನದ ಹರಕತಿ. ಗುಂಟೆವಾರಿ ಜಾಗ (ಹೊಲ ಸೀಳಿ ಗುಂಟೆ ಲೆಕ್ಕದಾಗ ಮಾರಿದ್ದು) ತಗೊಂಡ ನಮ್ಮವರು ಈ ಕರಡಿನ ನಕಾಶೆ ಬಂದ ದಿನಾನೇ ಹೋಗಿ ನೋಡ್ಬೇಕು.

ಇನ್ನ ಎಲ್ಲರೂ ಕೇಳೋ ಘರಪಟ್ಟಿ. ಏರ್ತದ, ಸುಳ್ಳು ಯಾಕ ಹೇಳ್ಲಿ. ಇಲ್ಲಿ ನಾಲ್ಕು ವರ್ಷಕ್ಕೊಮ್ಮೆ ಹೊಸಾ ಆಕಾರಣಿ ಆಗ್ತದ, ಚತುರ್ಥ ವಾರ್ಷಿಕ ಆಕಾರಣಿ ಅಂತಾರ. ಟೇಪ್ ಹಿಡ್ಕೊಂಡು ಮಂದಿ ಬರ್ತಾರ, ಅಳೀತಾರ, ಆಮ್ಯಾಲ ನೋಟಿಸ್ ಬರ್ತದ, ನೋಟಿಸ್‌ಗೆ ತಕರಾರು ಹಾಕಿದ್ರ ಸುನಾವಣಿ (ವಿಚಾರಣೆ) ಕೊಡ್ಬೇಕು. ಅಳತಿ ಮಾಡೋ ದಿನ ಮನಿಯಾಗ ಯಾರರ ಇರ್ರಿ, ಬಾಗಿಲು ಹಾಕಿದ್ರ ಹೊರಗಿಂದ ಅಂದಾಜು ಬರ್ಕೊಂಡು ಹೋಗ್ತಾರ. ನಮ್ಮ ಮ್ಯಾಲಿನ ಮನಿಯವರ ಬಾಲ್ಕನಿ ಬೆಡ್‌ರೂಮ್ ಆಗಿ ಬಂದಿತ್ತು, ಬಾಡಿಗಿ ಇಲ್ಲದಿದ್ರೂ ಬಾಡಿಗಿ ಮನಿ ಅಂತ ಬರ್ದಿದ್ರು. ಸುನಾವಣಿಗೆ ಫ್ಲಾಟಿನ ಅಗ್ರೀಮೆಂಟ್, ಲೈಟ್ ಬಿಲ್, ಬಾಲ್ಕನಿಯ ಎರಡು ಫೋಟೋ ಒಯ್ದಿದ್ರು, ಅಲ್ಲೇ ಕುಂತು ತಿದ್ದಿ ಕೊಟ್ರು. ನೋಟಿಸಿನ ಮ್ಯಾಲ ತಕರಾರಿಗೆ ಕೊನೀ ತಾರೀಕು ಸಣ್ಣ ಅಕ್ಷರದಾಗ ಕೆಳಗ ಇರ್ತದ, ಮೊದಲು ಅದಕ್ಕ ಪೆನ್ನಿಲೆ ಗೋಲ್ ಹಾಕಿ ಫ್ರಿಜ್ ಮ್ಯಾಲ ಅಂಟಿಸ್ರಿ.